ಗಡ್ಡೆಯ ಜೀನ್‌ಗಳಿಂದ ರೋಗಿಯ ಆಯುಸ್ಸನ್ನು ಅಂದಾಜಿಸಲು ಹೊರಟಾಗ

ಸ್ನಾತಕೋತ್ತರ ಪ್ರಬಂಧಕ್ಕಾಗಿ ನಾನು ಪೆರ್ಲದ ನಮ್ಮ ಮನೆಯ ಚಾವಡಿಯಲ್ಲಿ, ಮಳೆಗಾಲದ ಕರೆಂಟನ್ನು ನಂಬಿಕೊಂಡು ಮಾಡಿದ ಕೆಲಸವೆಂದರೆ, ಯಕೃತ್ತಿನ ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದನ್ನು ನೋಡಿ ರೋಗಿ ಎಷ್ಟು ಕಾಲ ಬದುಕಬಹುದೆಂದು ಅಂದಾಜಿಸುವುದು. ಹಲವು ಬಗೆಯ ಕ್ಯಾನ್ಸರ್ ಗಡ್ಡೆಗಳ ಜೀನ್ ಮಾಹಿತಿಯನ್ನು ಕಲೆಹಾಕಿದ ಅಮೆರಿಕದ ಟಿಸಿಜಿಎ (ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಯೋಜನೆಯ ದತ್ತಾಂಶ ಉಚಿತವಾಗಿ ಸಿಗುತ್ತದೆ. ಯಕೃತ್ತಿನ ಸಂಗ್ರಹದಲ್ಲಿ 371 ಪ್ರಾಥಮಿಕ ಗಡ್ಡೆಗಳ ಆರ್‌ಎನ್‌ಎ ಮಾಹಿತಿ, ಅಂದರೆ ಯಾವ ಜೀನ್ ಎಷ್ಟು ಸಕ್ರಿಯವೆಂದು ತೋರಿಸುವ ಅಳತೆ, ಇದೆ. ಮಾದರಿಯ ಸಂಕೇತದ ನಾಲ್ಕನೆಯ ಭಾಗದಲ್ಲಿ 01 ಇದ್ದರೆ ಪ್ರಾಥಮಿಕ ಗಡ್ಡೆ, 02 ಇದ್ದರೆ ಮರುಕಳಿಸಿದ್ದು, 11 ಇದ್ದರೆ ಗಡ್ಡೆಯಿಲ್ಲದ ಪಕ್ಕದ ಅಂಗಾಂಶ. ಇದನ್ನು ಗಮನಿಸದೆ ಕೆಲವು ರೋಗಿಗಳನ್ನು ಎರಡೆರಡು ಸಲ ಎಣಿಸಿದ್ದೆ.

ಅದಕ್ಕಿಂತ ನಾಚಿಕೆಯ ತಪ್ಪು ಇನ್ನೊಂದು. ಸಾವಿನ ದಿನಗಳ ಕಾಲಂ ಖಾಲಿಯಿದ್ದ ಸಾಲುಗಳನ್ನೆಲ್ಲ ಅಪೂರ್ಣವೆಂದು ಅಳಿಸಿದ್ದೆ. ಅವು ಕೊನೆಯ ಭೇಟಿಯವರೆಗೂ ಬದುಕಿದ್ದವರ ಸಾಲುಗಳು. ಬದುಕುಳಿಯುವ ಕಾಲವನ್ನು ಲೆಕ್ಕ ಹಾಕಲು ನಾನು ಬಳಸಿದ ಕಾಕ್ಸ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಇರುವುದೇ ಅಂಥವರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದಕ್ಕಾಗಿ.

ಇವನ್ನು ಸರಿಪಡಿಸಿದ ಮೇಲೆ, ಸುಮಾರು 20,000 ಜೀನ್‌ಗಳಲ್ಲಿ ಬದುಕುಳಿಯುವಿಕೆಗೆ ಸಂಬಂಧವಿರುವಂತೆ ಕಂಡವುಗಳನ್ನು ಆರಿಸಿ, ಹೆಚ್ಚು ಉಪಯೋಗವಿಲ್ಲದವನ್ನು ಕೈಬಿಡುವ ಲಾಸೋ ಎಂಬ ವಿಧಾನದಿಂದ ಕೆಲವನ್ನಷ್ಟೇ ಉಳಿಸಿಕೊಂಡು, ಅವುಗಳಿಂದ ಪ್ರತಿ ರೋಗಿಗೂ ಒಂದು ಅಪಾಯದ ಅಂಕ ಕೊಟ್ಟು, ಆ ಅಂಕಗಳ ಮಧ್ಯಾಂಕದಲ್ಲಿ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆಯಲ್ಲಿ) ರೋಗಿಗಳನ್ನು ಎರಡು ಗುಂಪು ಮಾಡಿದೆ. ಕಾಲ ಕಳೆದಂತೆ ಪ್ರತಿ ಗುಂಪಿನಲ್ಲಿ ಎಷ್ಟು ಪಾಲು ರೋಗಿಗಳು ಬದುಕಿದ್ದಾರೆಂದು ತೋರಿಸುವ ಕಪ್ಲಾನ್-ಮೇಯರ್ ರೇಖೆಗಳು ಅಗಲವಾಗಿ ಬೇರ್ಪಟ್ಟು ನಿಂತವು. ಅಷ್ಟು ಚಂದ ಬಂದದ್ದೇ ಅನುಮಾನಕ್ಕೆ ಕಾರಣವಾಗಿ, ಯಾರ ಆಯುಸ್ಸು ಯಾರದೋ ಆಗುವಂತೆ ರೋಗಿಗಳ ಫಲಿತಾಂಶಗಳನ್ನು ಅದಲುಬದಲು ಮಾಡಿ ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಅರ್ಥವೇ ಇಲ್ಲದ ಆ ದತ್ತಾಂಶದಲ್ಲೂ ರೇಖೆಗಳು ಬೇರ್ಪಟ್ಟವು! ಜೀನ್‌ಗಳನ್ನು ಆರಿಸುವಾಗ ಎಲ್ಲ ರೋಗಿಗಳನ್ನೂ ನೋಡಿ, ಪರೀಕ್ಷೆಗೆಂದು ಒಂದು ಭಾಗವನ್ನು ಆಮೇಲೆ ಬೇರ್ಪಡಿಸಿದ್ದೆ. ಉತ್ತರ ಮೊದಲೇ ಸೋರಿತ್ತು. ಪ್ರತಿ ಸುತ್ತಿನಲ್ಲೂ ಕೆಲವು ರೋಗಿಗಳನ್ನು ಮೊದಲೇ ಪರೀಕ್ಷೆಗೆಂದು ಪಕ್ಕಕ್ಕಿಟ್ಟು, ಜೀನ್‌ಗಳ ಆಯ್ಕೆಯನ್ನೂ ಉಳಿದವರೊಳಗೇ (ತರಬೇತಿ ಭಾಗದೊಳಗೇ) ನಡೆಸಿದಾಗ, ಯಾರು ಹೆಚ್ಚು ಕಾಲ ಬದುಕುತ್ತಾರೆಂಬ ಊಹೆ ಎಷ್ಟು ಸರಿಯೆಂದು ಹೇಳುವ ಸಿ-ಸೂಚ್ಯಂಕ ಸಾಕಷ್ಟು ಇಳಿಯಿತು. ಪ್ರಬಂಧಕ್ಕೆ ಆ ಇಳಿದ ಸಂಖ್ಯೆಯನ್ನೇ ಬರೆದೆ.

ಕಾಸರಗೋಡಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅತ್ತಿಗೆ ಇದನ್ನೆಲ್ಲ ಕೇಳಿ, "ನಾಳೆ ಒಬ್ಬನೇ ರೋಗಿಯ ಗಡ್ಡೆಯ ತುಂಡು ಬಂದರೆ ಅವನನ್ನು ಯಾವ ಗುಂಪಿಗೆ ಹಾಕ್ತೀಯಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನನ್ನ ಮಧ್ಯಾಂಕವು ಆ ಸಂಗ್ರಹದ ರೋಗಿಗಳದ್ದು. ಬೇರೆ ಯಂತ್ರದಲ್ಲಿ ಅಳೆದರೆ ಅಂಕದ ಅಳತೆಗೋಲೇ ಬದಲಾಗುತ್ತದೆ.

ಆಮೇಲೆ ಜೀನ್‌ಗಳನ್ನು ಬಿಡಿಬಿಡಿಯಾಗಿ ಅಳೆಯುವುದನ್ನು ಬಿಟ್ಟು ಜೋಡಿಗಳನ್ನು ತೆಗೆದುಕೊಂಡೆ. ಒಂದೇ ಗಡ್ಡೆಯೊಳಗೆ ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚೋ ಅಲ್ಲವೋ ಎಂಬುದಷ್ಟೇ ಪ್ರಶ್ನೆ, ಹೌದು ಅಥವಾ ಇಲ್ಲ ಎಂಬುದಷ್ಟೇ ಉತ್ತರ. ಎಲ್ಲರಲ್ಲೂ ಒಂದೇ ಉತ್ತರ ಬರುವ ಜೋಡಿಗಳನ್ನು ಕೈಬಿಟ್ಟೆ. ಈ ಹೋಲಿಕೆಗೆ ಇನ್ನೊಬ್ಬ ರೋಗಿ ಬೇಕಾಗಿಲ್ಲ. ಆದರೆ ಕಾಸರಗೋಡಿನ ಒಬ್ಬ ರೋಗಿಯ ಗಡ್ಡೆಯಲ್ಲೂ ಇದನ್ನು ಪರೀಕ್ಷಿಸಿಲ್ಲವಾದ್ದರಿಂದ, ಅತ್ತಿಗೆಯ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇನ್ನೂ ಅರ್ಧವೇ.