ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆ ಮನೆ: ನಾನು ನೋಡಿ ಆರಿಸುವ ರೀತಿ

ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆ ಅಗ್ಗ, ನಿಜ. ಆದರೆ ನಾನು ಮೊದಲು ಕೇಳುವುದು ಬಾಡಿಗೆಯನ್ನಲ್ಲ, ಕರೆಂಟು ಯೂನಿಟ್ಟಿಗೆ ಎಷ್ಟು ಅಂತ. ಕಾಂಡೋಗೆ, ಅಂದರೆ ಒಂದೊಂದು ಮನೆಗೂ ಬೇರೆ ಮಾಲೀಕರಿರುವ ಅಪಾರ್ಟ್‌ಮೆಂಟಿಗೆ, ಬಿಲ್ಲು ನೇರವಾಗಿ ಸರ್ಕಾರಿ ವಿದ್ಯುತ್ ಸಂಸ್ಥೆಯಿಂದ ಬಂದರೆ ನಾಲ್ಕೂವರೆ ಬಾತ್ (ಅಲ್ಲಿನ ಹಣ) ಆಸುಪಾಸು. ಇಡೀ ಕಟ್ಟಡ ಒಬ್ಬರದೇ ಆಗಿರುವ ಕಡೆ ಅದೇ ಯೂನಿಟ್ಟಿಗೆ 7–8 ಬಾತ್ ಹಾಕುತ್ತಾರೆ. ಏಪ್ರಿಲ್ ಸೆಖೆಗೆ ಎಸಿ ಹಾಕಿ 300 ಯೂನಿಟ್ ಉರಿದರೆ ಒಂದು ಕಡೆ 1,350, ಇನ್ನೊಂದು ಕಡೆ 2,400 ಬಾತ್‌ವರೆಗೆ. ಚೌಕಾಸಿ ಮಾಡಿ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಇಲ್ಲೇ ಸೋರಿಹೋಗುತ್ತದೆ.

ಸಾಮಾನ್ಯವಾಗಿ ಒಂದು ವರ್ಷದ ಕರಾರು, ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ. ಕೀಲಿ ಕೈಗೆ ಬಂದ ದಿನವೇ ಮೀಟರಿನ ಅಂಕಿ, ಸಿಂಕಿನ ಕೆಳಗಿನ ಒದ್ದೆ, ಹಾಸಿಗೆಯ ಕಲೆ ಎಲ್ಲವನ್ನೂ ವಿಡಿಯೋ ಮಾಡಿ ಮಾಲೀಕರಿಗೆ ಲೈನ್ ಎಂಬ ಮೆಸೇಜ್ ಆ್ಯಪಿನಲ್ಲಿ ಕಳಿಸುತ್ತೇನೆ. ಮನೆ ಬಿಡುವಾಗ ಡಿಪಾಸಿಟ್ ವಾಪಸ್ ಬರಲು ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಸಹಿ ಹಾಕುವ ಮುಂಚೆ ಟಿಎಂ 30 ಮಾಡಿಕೊಡುತ್ತೀರಾ ಅಂತ ಕೇಳಲೇಬೇಕು. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸುವ ಕಾಗದ ಅದು. ಆ ರಸೀದಿ ಇಲ್ಲದೆ ವಾಸದ ಅವಧಿ ಮುಂದುವರಿಸಲು ಹೋದರೆ ಕೌಂಟರಿನಲ್ಲೇ ಅರ್ಜಿ ನಿಲ್ಲುತ್ತದೆ. ಮಾಲೀಕರು ಹಿಂದೇಟು ಹಾಕಿದರೆ ಮನೆ ಎಷ್ಟೇ ಚೆನ್ನಾಗಿರಲಿ, ನಾನು ಬಿಟ್ಟುಬಿಡುತ್ತೇನೆ. ನಾವೇ ಇಮಿಗ್ರೇಷನ್‌ಗೆ 90 ದಿನಕ್ಕೊಮ್ಮೆ ಕೊಡುವ ವರದಿ ಬೇರೆ. ಗಡುವಿಗೆ 15 ದಿನ ಮೊದಲಿಂದ 7 ದಿನ ಆಚೆಯವರೆಗೆ ಕೊಡಬಹುದು. ಅದು ವಿಳಾಸ ತಿಳಿಸುವುದಷ್ಟೇ, ವೀಸಾ ಮುಂದುವರಿದಂತಲ್ಲ. ಊರಿಗೆ ಹೊರಡುವ ಮುಂಚೆ ರೀ-ಎಂಟ್ರಿ ಪರ್ಮಿಟ್ (ಅದೇ ವೀಸಾದಲ್ಲಿ ವಾಪಸ್ ಬರಲು ಅನುಮತಿ) ಮಾಡಿಸಿ: ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800. ಅದಿಲ್ಲದೆ ಗಡಿ ದಾಟಿದರೆ ವಿಸ್ತರಿಸಿಕೊಂಡ ಅವಧಿ ಅಲ್ಲಿಗೇ ರದ್ದು.

ಇನ್ನು ಹೊಗೆಗಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬೆಂಕಿ. ಸುತ್ತ ಬೆಟ್ಟ ಇರುವುದರಿಂದ ಹೊಗೆ ಕಣಿವೆಯಲ್ಲೇ ಕೂರುತ್ತದೆ. ಇಡೀ ಮನೆ ಕಾಪಾಡಲು ಹೋಗಬೇಡಿ, ಮಲಗುವ ಕೋಣೆಯೊಂದನ್ನು ಭದ್ರ ಮಾಡಿ. ಜಾರುಕಿಟಕಿಯ ಸಂದಿಗೆ ಫೋಮ್ ಟೇಪ್, ಬಾಗಿಲ ಕೆಳಗೆ ಬಟ್ಟೆ, ಒಳಗೆ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್. ಆ ಕೋಣೆಯ ಪಕ್ಕದಲ್ಲೇ ತೆರೆದ ಅಡುಗೆಕಟ್ಟೆ ಇದ್ದರೆ ತೊಂದರೆ: ಒಗ್ಗರಣೆ ಹೊಗೆ ಹೊರಹಾಕಲು ಕಿಟಕಿ ತೆಗೆಯುವ ಹಾಗಿಲ್ಲ, ಎಣ್ಣೆಯ ಜಿಡ್ಡು ಫಿಲ್ಟರಿಗೇ ಹತ್ತುತ್ತದೆ. ಬೆಳ್ಳಗಿದ್ದ ಫಿಲ್ಟರಿನ ಮಡಿಕೆಗಳು ಮಾರ್ಚ್ ಕೊನೆಗೆ ಒಲೆಬೂದಿಯ ಬಣ್ಣಕ್ಕೆ ತಿರುಗಿರುತ್ತವೆ. ಬದಲಿ ಫಿಲ್ಟರನ್ನು ಜನವರಿಯಲ್ಲೇ ತಂದಿಟ್ಟುಕೊಳ್ಳಿ. ಹೊಗೆ ಕವಿದ ಮೇಲೆ ಎಲ್ಲರಿಗೂ ಅದೇ ಬೇಕು.