ಮೇಷ್ಟ್ರ ಸಂಬಳ, ನಿರಾಶ್ರಿತರ ನೆರವು: ಯಾವ ದುಡ್ಡು ಯಾವ ಜೇಬಿನದು ಅಂತ ನೋಡೋದು ಹೇಗೆ?

ಹೋದ ವಾರ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ ಅಕ್ಕನ ಮಗಳು ಫೋನ್ ಮುಂದೆ ಹಿಡಿದಳು. ಮಧುಗಿರಿ ಕಡೆ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಅವಳು, ಮೂರು ತಿಂಗಳಿಂದ ಗೌರವಧನ ಬಂದಿಲ್ಲ. ಫೋನಲ್ಲಿ ಇದ್ದದ್ದು ಒಂದು ವಾಟ್ಸಾಪ್ ಮೆಸೇಜು: ‘ಹೊರದೇಶದ ಪ್ಯಾಲೆಸ್ಟೈನ್ ನಿರಾಶ್ರಿತರಿಗೆ ಕೋಟಿ ಕೋಟಿ, ನಮ್ಮ ಮೇಷ್ಟ್ರಿಗೆ ಸೊನ್ನೆ’.

‘ಮಾಮ, ಇದು ನಿಜಾನಾ?’

ಅರ್ಧ ನಿಜ. ಇಂಥದ್ದು ಬಂದರೆ ಸುಮ್ನೆ ಮುಂದಕ್ಕೆ ತಳ್ಳಬೇಡಿ, ನೀವೇ ನೋಡಿ.

ಮೊದಲು ಕೊಡುವವರು ಯಾರು ಅಂತ ಹಿಡಿಯಿರಿ. ಹೊರದೇಶದ ನೆರವು ಕೇಂದ್ರದ್ದು. ಕೇಂದ್ರ ಬಜೆಟ್ ವೆಬ್‌ಸೈಟಿನಲ್ಲಿ ವೆಚ್ಚದ ಪುಸ್ತಕ ತೆಗೆದು ವಿದೇಶಾಂಗ ಸಚಿವಾಲಯದ ಪುಟಕ್ಕೆ ಹೋದರೆ ದೇಶದ ಹೆಸರಿನ ಮುಂದೆ ಮೊತ್ತ ಇರುತ್ತೆ. 2024-25ರಲ್ಲಿ ಇಡೀ ಸಚಿವಾಲಯಕ್ಕೆ ಇಟ್ಟಿದ್ದು 22,155 ಕೋಟಿ, ಅದರಲ್ಲಿ ಭೂತಾನ್ ಒಂದಕ್ಕೇ 2,068 ಕೋಟಿ. ಮೆಸೇಜಿನವರು ಕೂಗಾಡುವ ಪ್ಯಾಲೆಸ್ಟೈನ್ ನಿರಾಶ್ರಿತರ ವಿಶ್ವಸಂಸ್ಥೆ ಏಜೆನ್ಸಿಗೆ 2018ರಿಂದ ನಾವು ಕೊಡುತ್ತಿರುವುದು ವರ್ಷಕ್ಕೆ 50 ಲಕ್ಷ ಡಾಲರ್. ಡಾಲರ್‌ಗೆ 84 ರೂಪಾಯಿ ಹಿಡಿದರೆ 42 ಕೋಟಿ. ತಮಾಷೆ ಅಂದರೆ ಆ ಏಜೆನ್ಸಿ ಶಾಲೆಗಳನ್ನೂ ನಡೆಸುತ್ತೆ, ಅಂದರೆ ಅಲ್ಲೂ ದುಡ್ಡಿನ ಒಂದು ಪಾಲು ಹೋಗೋದು ಮೇಷ್ಟ್ರುಗಳಿಗೇ!

ಈಗ ನಮ್ಮ ಕಡೆ. ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯದ ಜೇಬಿನದು. ರಾಜ್ಯದ ಬಜೆಟ್ ಭಾಷಣ ಕನ್ನಡದಲ್ಲೇ ಸಿಗುತ್ತೆ. 2025-26ರಲ್ಲಿ ಶಿಕ್ಷಣಕ್ಕೆ 45,286 ಕೋಟಿ ಇಟ್ಟರು, ಅತಿಥಿ ಶಿಕ್ಷಕರ ಗೌರವಧನ 2,000 ರೂಪಾಯಿ ಜಾಸ್ತಿ ಮಾಡುತ್ತೇವೆ ಅಂದರು. ಶಿಕ್ಷಣಕ್ಕೆ ಇಟ್ಟ ಆ ಮೊತ್ತದ ಪಕ್ಕದಲ್ಲಿ ಈ 42 ಕೋಟಿ ಇಟ್ಟು ನೋಡಿ, ಸಾವಿರಕ್ಕೆ ಒಂದು ರೂಪಾಯಿಗೂ ಕಮ್ಮಿ. ಹಾಗಂತ ಅದು ಏನೂ ಅಲ್ಲ ಅಂತಲೂ ಅನ್ನಬೇಡಿ, ತಿಂಗಳಿಗೆ 12,000ದಂತೆ 3,500 ಜನಕ್ಕೆ ಹತ್ತು ತಿಂಗಳು ಕೊಡಬಹುದು. ಆದರೆ ಕೇಂದ್ರ ಅದನ್ನು ನಿಲ್ಲಿಸಿದರೂ ಮಧುಗಿರಿಗೆ ಬರಲ್ಲ, ಅಲ್ವಾ?

ಹಾಗಾದರೆ ಇವಳ ದುಡ್ಡು ನಿಂತಿರೋದೆಲ್ಲಿ? ಅನುದಾನ ಬಿಡುಗಡೆ ಆಗಿಲ್ಲವಾ, ಬಂದೂ ಬಿಲ್ ಮಾಡಿಲ್ಲವಾ, ಬಿಲ್ ಖಜಾನೆಯಲ್ಲಿ ಕೂತಿದೆಯಾ? ಕೌಂಟರಿನಲ್ಲಿ ಕೇಳಿದರೆ ‘ಗ್ರಾಂಟ್ ಬಂದಿಲ್ಲಮ್ಮ’ ಅಂತ ಒಂದೇ ಮಾತು. ಅದಕ್ಕೇ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಕೊಟ್ಟಿಲ್ಲ’ ಅಂತ ಬರೆಯಬೇಡಿ, ಜಾರಿಕೊಳ್ಳುತ್ತಾರೆ. ಹೀಗೆ ಬರೆಯಿರಿ: ‘ಈ ಸಾಲಿನಲ್ಲಿ ತಾಲ್ಲೂಕಿನ ಅತಿಥಿ ಶಿಕ್ಷಕರ ಗೌರವಧನಕ್ಕೆ ಬಂದ ಅನುದಾನ ಎಷ್ಟು, ಯಾವ ದಿನಾಂಕದಂದು ಬಂತು, ಬಿಲ್ ಖಜಾನೆಗೆ ಸಲ್ಲಿಸಿದ ದಿನಾಂಕ ಯಾವುದು, ಆದೇಶಗಳ ಪ್ರತಿ ಕೊಡಿ.’

30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಆಫೀಸಿನ ಮೆಟ್ಟಿಲು ಇಳಿಯಬೇಡಿ.