ಜಂತುಹುಳದ ಜೀನ್ ಮೇಲೆ ಸಂಶೋಧನೆ ಮಾಡಬೇಕಾ? ಎಲ್ಲಿಂದ ಶುರು ಮಾಡೋದು ಅಂತ ನೋಡಿ

ಪ್ಯಾರಸೈಟ್ ಜೆನೆಟಿಕ್ಸ್ ಅಂತ ಬೋರ್ಡ್ ಹಾಕಿಕೊಂಡ ವಿಭಾಗವನ್ನು ನಮ್ಮ ವೆಟರ್ನರಿ ಕಾಲೇಜುಗಳಲ್ಲಿ ಹುಡುಕಬೇಡಿ. ಆ ಕೆಲಸ ಪ್ಯಾರಸೈಟಾಲಜಿ, ಬಯೋಟೆಕ್ನಾಲಜಿ, ಜೆನೆಟಿಕ್ಸ್ ಅಂಡ್ ಬ್ರೀಡಿಂಗ್ ಅಂತ ಹಂಚಿಹೋಗಿದೆ. ಹಾಗಾಗಿ ಕೋರ್ಸಿನ ಹೆಸರು ಆಮೇಲೆ ನೋಡೋಣ. ಮೊದಲು ಒಂದು ಪರೋಪಜೀವಿ, ಒಂದು ಪ್ರಶ್ನೆ ಹಿಡಿಯಿರಿ.

ಕುರಿಯ ಹೊಟ್ಟೆಯಲ್ಲಿರುವ ಹೀಮಾಂಕಸ್ ಎಂಬ ಜಂತುಹುಳವನ್ನೇ ತೆಗೆದುಕೊಳ್ಳಿ. ಅದು ರಕ್ತ ಹೀರಿ ಹೀರಿ ಕುರಿಯ ಕಣ್ಣು ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬುತ್ತದೆ. ಆಲ್ಬೆಂಡಜೋಲ್ ಎಂಬ ಜಂತುಔಷಧಿ ಕುಡಿಸಿದರೂ ಹುಳ ಸಾಯದಿದ್ದರೆ, ಬಹಳ ಸಲ ಅದಕ್ಕೆ ಕಾರಣ ಬೀಟಾ ಟ್ಯೂಬುಲಿನ್ ಜೀನ್‌ನಲ್ಲಿ ಆಗಿರುವ ಒಂದೇ ಒಂದು ಅಕ್ಷರದ ಬದಲಾವಣೆ. ಪ್ರೋಟೀನಿನ 200ನೇ ಜಾಗದಲ್ಲಿ ಫಿನೈಲಾಲನಿನ್ ಎಂಬ ಅಮೈನೋ ಆಮ್ಲ ಹೋಗಿ ಟೈರೋಸಿನ್ ಎಂಬ ಇನ್ನೊಂದು ಬಂದು ಕೂತಿರುತ್ತದೆ. 167 ಮತ್ತು 198ನೇ ಜಾಗಗಳಲ್ಲೂ ಇಂಥ ಬದಲಾವಣೆಗಳಿವೆ. ಚಿತ್ರದುರ್ಗದ ಕಡೆ ಊರೂರು ಸುತ್ತುವ ಮಂದೆಗೂ ಕೊಟ್ಟಿಗೆಯಲ್ಲೇ ಮೇವು ಹಾಕಿ ಸಾಕುವ ಕುರಿಗಳಿಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆಯಾ ಅಂತ ಕೇಳಿದರೆ ಸಾಕು, ಅದೇ ಒಂದು ಎಂವಿಎಸ್ಸಿ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಪ್ರಬಂಧ ಆಗುತ್ತದೆ. ಹಸು ಇಷ್ಟವಾ? ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಥೈಲೇರಿಯಾ ಎಂಬ ಪರೋಪಜೀವಿ ಇದೆ, ಬುಪಾರ್ವಕ್ವೋನ್ ಔಷಧಿಗೆ ಬಗ್ಗದ ಥೈಲೇರಿಯಾದ ಸೈಟೋಕ್ರೋಮ್ ಬಿ ಜೀನ್‌ನಲ್ಲಿ ಬದಲಾವಣೆಗಳು ಕಂಡಿವೆ. ಹುಳ ಬೇಡ ಅಂದರೆ ಪ್ರಾಣಿಯ ಕಡೆಯಿಂದಲೂ ನೋಡಬಹುದು. ಕೀನ್ಯಾದ ರೆಡ್ ಮಸಾಯ್ ಕುರಿ ಹೀಮಾಂಕಸ್ ಅನ್ನು ಉಳಿದ ಕೆಲವು ತಳಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಯಾಕೆ ಅನ್ನೋದೂ ಜೆನೆಟಿಕ್ಸೇ ಅಲ್ವಾ.

ಇನ್ನು ದಾರಿ. ಬಿವಿಎಸ್ಸಿ (ಪಶುವೈದ್ಯ ಪದವಿ) ಮುಗಿಸಿದವರು ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಅಖಿಲ ಭಾರತ ಪರೀಕ್ಷೆ ಬರೆದು ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿಗೋ ಉತ್ತರ ಪ್ರದೇಶದ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಐವಿಆರ್‌ಐಗೋ ಹೋಗಬಹುದು. ಜೂಆಲಜಿ, ಬಯೋಟೆಕ್ ಎಂಎಸ್ಸಿ ಮಾಡಿದವರು, ನಾವು ಡಾಕ್ಟರಲ್ಲವಲ್ಲ ಅಂತ ಹಿಂದೆ ಸರಿಯಬೇಡಿ, ಸಿಎಸ್‌ಐಆರ್ ನೆಟ್ ಅಥವಾ ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ ಸಿಕ್ಕರೆ 2023ರ ಪರಿಷ್ಕರಣೆ ಪ್ರಕಾರ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಫೆಲೋ ಆದ ಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಪರೀಕ್ಷೆಗೆ ಓದುತ್ತಾ ಸುಮ್ನೆ ಕೂರುವ ಬದಲು ಪಶುರೋಗಗಳ ಮೇಲೆ ಕೆಲಸ ಮಾಡುವ ಯಲಹಂಕದ ನಿವೇದಿಯಂಥ ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆಗಳನ್ನು ಗಮನಿಸಿ. ಸಂಬಳಕ್ಕಿಂತ ಅಲ್ಲಿ ಕಲಿಯುವ ಕೆಲಸ ಮುಖ್ಯ.

ಹೊರದೇಶಕ್ಕೆ ಹೋಗೋರು ಎಡಿನ್‌ಬರೋದ ರೋಸ್ಲಿನ್ ಸಂಶೋಧನಾ ಸಂಸ್ಥೆ, ಅದರ ಹತ್ತಿರದ ಮೊರೆಡನ್, ಗ್ಲಾಸ್ಗೋ, ಕ್ಯಾಲ್ಗರಿ, ಬರ್ಲಿನ್‌ಗಳ ವಿಶ್ವವಿದ್ಯಾಲಯಗಳು, ನೈರೋಬಿಯ ಜಾನುವಾರು ಸಂಶೋಧನಾ ಸಂಸ್ಥೆ ಇಲ್ರಿ, ಇವನ್ನು ನೋಡಲೇಬೇಕು. ಮೊರೆಡನ್ ನನಗೆ ಸ್ವಲ್ಪ ಜಾಸ್ತಿ ಇಷ್ಟ: 1920ರಲ್ಲಿ ಸ್ಕಾಟ್ಲೆಂಡಿನ ರೈತರೇ ಕಟ್ಟಿದ ಸಂಸ್ಥೆ, ಹೀಮಾಂಕಸ್‌ಗೆ ಬಾರ್ಬರ್‌ವ್ಯಾಕ್ಸ್ ಎಂಬ ಲಸಿಕೆ ಹೊರಟಿದ್ದೂ ಅಲ್ಲಿನ ಕೆಲಸದಿಂದಲೇ, ಅದು 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರುಕಟ್ಟೆಗೆ ಬಂತು. ಬ್ರಿಟನ್ನಿನ ಜಾಹೀರಾತು ಓದುವಾಗ ವಿದೇಶಿ ವಿದ್ಯಾರ್ಥಿಯ ಫೀಸನ್ನು ಯಾರು ಕಟ್ಟುತ್ತಾರೆ ಅನ್ನುವ ಸಾಲನ್ನು ಮೊದಲು ಹುಡುಕಿ, ಅದು ಸ್ಪಷ್ಟ ಇಲ್ಲದಿದ್ದರೆ ಬರೆದು ಕೇಳಿ. ಜರ್ಮನಿಯಲ್ಲಿ ಪಿಎಚ್‌ಡಿ ಬಹಳ ಕಡೆ ಸಂಬಳದ ಕೆಲಸ.

ಪ್ರೊಫೆಸರಿಗೆ ಬರೆಯುವ ಮೇಲ್ ಚಿಕ್ಕದಿರಲಿ. ಹೊಗಳಿಕೆ ಬೇಡವೇ ಬೇಡ. ಅವರ ಒಂದು ಪೇಪರ್ ನಿಜವಾಗಿ ಓದಿ, ಅದರಲ್ಲಿ ನಿಮಗೆ ಬಂದ ಅನುಮಾನ ಒಂದು, ನಿಮ್ಮ ಕೈಗೆ ಬರುವ ಕೆಲಸ ಎರಡು ಬರೆಯಿರಿ. ಆ ಕೆಲಸ ಕಲಿಯೋಕೆ ದುಡ್ಡು ಬೇಕಿಲ್ಲ: ವರ್ಮ್‌ಬೇಸ್ ಪ್ಯಾರಸೈಟ್ ಎಂಬ ವೆಬ್‌ಸೈಟಿನಲ್ಲಿ ಹೀಮಾಂಕಸ್‌ನ ಪೂರ್ತಿ ಜೀನೋಮ್ ಉಚಿತವಾಗಿ ಸಿಗುತ್ತದೆ, ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ಅಂಕಿಅಂಶಕ್ಕೆ ಬಳಸುವ ಆರ್ (R) ಸಾಫ್ಟ್‌ವೇರ್ ಹಾಕಿಕೊಂಡು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಹಾಗಂತ ಬರೀ ಕಂಪ್ಯೂಟರ್ ಮುಂದೆ ಕೂರಬೇಡಿ. ಸಗಣಿ, ಹಿಕ್ಕೆ ತಂದು ಮೆಕ್‌ಮಾಸ್ಟರ್ ಎಂಬ ಎಣಿಕೆ ಸ್ಲೈಡಿನಲ್ಲಿ ಹುಳದ ಮೊಟ್ಟೆ ಎಣಿಸಲು ಬಾರದವನ ಸೀಕ್ವೆನ್ಸ್ ಡೇಟಾ ನಾನಂತೂ ನಂಬಲ್ಲ.

ಅನುಮತಿಗಳನ್ನು ಮೊದಲೇ ಕೇಳಿ. ಜೀವಂತ ಪ್ರಾಣಿಯ ಮೇಲೆ ಪ್ರಯೋಗ ಅಂದರೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಕಸಾಯಿಖಾನೆಯಿಂದ ಹುಳ ಸಂಗ್ರಹಿಸಿದರೆ ಆ ತಾಪತ್ರಯ ಎಷ್ಟೋ ಕಡಿಮೆ. ಸ್ಯಾಂಪಲ್ಲನ್ನು ಹೊರದೇಶದ ಲ್ಯಾಬಿಗೆ ಕಳಿಸುವ ಯೋಚನೆ ಇದ್ದರೆ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರ ಬೇರೆ. ಅದನ್ನು ಮೊದಲ ವರ್ಷದಲ್ಲೇ ಶುರು ಮಾಡಿ, ಇಲ್ಲಾಂದ್ರೆ ಹುಳಗಳು ಫ್ರೀಜರ್‌ನಲ್ಲೇ ಕಾಯುತ್ತಿರುತ್ತವೆ, ನಿಮ್ಮ ಫೆಲೋಶಿಪ್ ಮಾತ್ರ ಕಾಯಲ್ಲ.